ಆಯ್ತು ಎಂಬ ಮಾತು

ನಮ್ಮ ಮನೆಯಲ್ಲಿ ‘ಆಯ್ತು’ ಎಂಬ ಮಾತನ್ನು ಸುಮ್ಮನೆ ಆಡುವಂತಿಲ್ಲ. ಮದುವೆಯಾಗಿ ಬಂದ ಮೊದಲ ವಾರವೇ ನನಗಿದು ತಿಳಿಯಿತು. ಒಲೆಯ ಮೇಲೆ ಹಾಲಿಡು ಎಂದರು ಅತ್ತೆ. ಆಯ್ತು ಎಂದು ಹೇಳಿ, ಕೈಲಿದ್ದ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಹಿಂದೆಯೇ ಬಂದು ನಿಂತರು.

"ಏನಾಯ್ತು? ಪಾತ್ರೆ ಇನ್ನೂ ಗೂಡಲ್ಲೇ ಇದೆ. ಆಗದೇ ಇರೋದನ್ನ ಆಯ್ತು ಅನ್ನಬಾರದು ಕಣೇ. ಇಡ್ತೀನಿ ಅನ್ನು."

ಹೊಸ ಸೊಸೆಯ ಮೇಲೆ ಕತ್ತಿ ಮಸೆಯುತ್ತಿದ್ದಾರೆ ಎಂದುಕೊಂಡು ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಕಣ್ಣೀರು ಹಾಕಿದೆ. ಸಂಜೆ ನನ್ನ ಗಂಡ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಂವರ್ಕ್ ಆಯ್ತು ಎಂದು ಸುಳ್ಳು ಹೇಳಿ ಅವರು ಚಿಕ್ಕಂದಿನಲ್ಲಿ ತಿಂದ ಏಟುಗಳಿಗೆ ಲೆಕ್ಕವಿಲ್ಲವಂತೆ. ಅದು ಅಮ್ಮನ ಕೆಲಸದ ಮಾತು, ಮನೆಗೂ ಬಂದು ಸೇರಿಕೊಂಡಿದೆ ಎಂದರು.

ಅತ್ತೆ ಮೂವತ್ತೆರಡು ವರ್ಷ ವಾಯುಪಡೆಯ ತರಬೇತಿ ನೆಲೆಯಲ್ಲಿ ಪ್ಯಾರಾಚೂಟ್ ಮಡಚಿದವರು. ಒಂದು ಸಲ ಕುಟುಂಬದವರಿಗೆ ಬಾಗಿಲು ತೆರೆದ ದಿನ ನಾನೂ ಆ ಕೋಣೆ ನೋಡಿದ್ದೇನೆ. ಉದ್ದಕ್ಕೆ ಒಂದೇ ಮೇಜು, ನಮ್ಮ ಬೀದಿಯ ನಾಲ್ಕು ಮನೆಗಳಷ್ಟು ಉದ್ದ. ಅದರ ಮೇಲ್ಮೈ ಎಷ್ಟು ನುಣುಪೆಂದರೆ ಕೈಯಿಟ್ಟರೆ ಜಾರುತ್ತದೆ. ಕಿಟಕಿಗಳಿಗೆ ದಪ್ಪ ಪರದೆ, ಯಾಕೆಂದರೆ ಬಿಸಿಲು ಆ ಬಟ್ಟೆಗೆ ಗೆದ್ದಲು ಇದ್ದಂತೆ. ಉಂಗುರವಿಲ್ಲ, ಬಳೆಯಿಲ್ಲ, ತಲೆಗೆ ಪಿನ್ನಿಲ್ಲ, ಉಗುರು ಬೆಳೆದಿದ್ದರೆ ಒಳಗೆ ಬಿಡುವುದಿಲ್ಲ. ಅತ್ತೆ ಕುಳ್ಳಗಿರುವುದರಿಂದ ಅವರ ಜಾಗದಲ್ಲಿ ಮಾತ್ರ ನೆಲಕ್ಕೊಂದು ಹಲಗೆ.

ಮಡಚುವುದು ಒಬ್ಬರ ಕೆಲಸವಲ್ಲ, ಇಬ್ಬರದು. ಒಬ್ಬರು ಪುಸ್ತಕ ಹಿಡಿದು ಒಂದೊಂದೇ ಹಂತ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅದನ್ನು ಮಾಡಿ, ಮಾಡಿದ ಜಾಗದ ಮೇಲೆ ಬೆರಳಿಟ್ಟು ‘ಆಯ್ತು’ ಅನ್ನಬೇಕು. ಬೆರಳು ಮುಟ್ಟದೆ ಆಯ್ತು ಅನ್ನುವಂತಿಲ್ಲ, ಆಯ್ತು ಕೇಳದೆ ಮುಂದಿನ ಸಾಲು ಓದುವಂತಿಲ್ಲ. ಹೀಗೆ ಅರವತ್ತೆರಡು ಹಂತ, ಅರವತ್ತೆರಡು ಆಯ್ತು. ಅತ್ತೆಗೆ ಓದಿ ಹೇಳುತ್ತಿದ್ದವರು ಇಪ್ಪತ್ತು ವರ್ಷದಿಂದ ಅವರ ಜೊತೆಗಾತಿ. ಅವರ ಗಂಟಲು ಅಂಥದ್ದು, ಎಲ್ಲರೂ ಅವರನ್ನು ರೇಡಿಯೋ ಅಕ್ಕ ಎಂದೇ ಕರೆಯುವುದು.

ಯಾವ ದೇಶದಲ್ಲಿ ಯುದ್ಧವಿಮಾನ ಬಿದ್ದ ಸುದ್ದಿ ಬಂದರೂ ಅತ್ತೆ ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು, ತೆರೀತಾ? ವಿಮಾನದ ಬೆಲೆ ಎಷ್ಟು, ಯಾವ ದೇಶ ತಯಾರಿಸಿದ್ದು, ಅದೆಲ್ಲ ಅವರಿಗೆ ಬೇಡ. ಬಹಳಷ್ಟು ಸಲ ಸುದ್ದಿಯ ಕೊನೆಯಲ್ಲಿ ಎರಡೇ ಪದ ಇರುತ್ತಿದ್ದವು, ‘ಮಾನವ ದೋಷ’. ಅದನ್ನು ಓದಿ ಅತ್ತೆ ಪೇಪರ್ ಮಡಚಿ ಬದಿಗಿಡುತ್ತಿದ್ದರು. ಸತ್ತವನು ಎದ್ದುಬಂದು ಜವಾಬು ಹೇಳಲಾರ ಅಂತ ಧೈರ್ಯ ಇವರಿಗೆ ಎನ್ನುತ್ತಿದ್ದರು.

ಪ್ಯಾರಾಚೂಟಿನ ಬಟ್ಟೆಗೂ ಆಯುಷ್ಯವಿದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ. ಒಂದೊಂದು ಕಟ್ಟಿನ ಮೇಲೂ ಒಂದು ಚೀಟಿ ಹೊಲಿದಿರುತ್ತದೆ. ತಯಾರಾದ ದಿನ, ಮುಗಿಯುವ ದಿನ. ಹದಿನೈದು ವರ್ಷ ತುಂಬಿದರೆ, ಒಮ್ಮೆಯೂ ಬಿಚ್ಚದಿದ್ದರೂ ಅದು ಸತ್ತ ಬಟ್ಟೆ. ಹೊಸದು ಬರುವುದು ತಡವಾದಾಗ ಮೇಲಿನ ಕಚೇರಿಯಿಂದ ಒಂದು ಸೀಲು ಬರುತ್ತಿತ್ತು, ‘ಆಯುಷ್ಯ ವಿಸ್ತರಿಸಲಾಗಿದೆ’. ನಾವು ಹಿರಿಯರ ಕಾಲಿಗೆ ಬಿದ್ದು ಪಡೆಯುವುದನ್ನು ಅಲ್ಲೊಬ್ಬ ಗುಮಾಸ್ತ ಮೇಜಿನ ಮೇಲೆ ಕುಟ್ಟಿ ಕೊಡುತ್ತಾನೆ ಎಂದು ರೇಡಿಯೋ ಅಕ್ಕ ನಗುತ್ತಿದ್ದರಂತೆ. ಅತ್ತೆ ನಗುತ್ತಿರಲಿಲ್ಲ. ಸೀಲು ಬಿದ್ದ ಬಟ್ಟೆ ನಾನು ಮಡಚಲ್ಲ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಆಮೇಲೆ ಅವರ ಮೇಜಿಗೆ ಅಂಥವು ಬರುವುದು ನಿಂತಿತು. ಬೇರೆ ಮೇಜಿಗೆ ಹೋಗುತ್ತಿದ್ದವೋ, ಮಡಚದೆಯೇ ಹೋಗುತ್ತಿದ್ದವೋ, ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇಂಥ ಹೆಂಗಸು ಒಂದೇ ಒಂದು ದಿನ ಬೆರಳಿಡದೆ ಟಿಕ್ ಹಾಕಿದರು. ಅದು ನನ್ನ ಮಗಳು ಹುಟ್ಟಿದ ದಿನ.

ಅವತ್ತು ಬೆಳಿಗ್ಗೆ ರಿಜಿಸ್ಟರು ನೋಡುವಾಗ, ಒಂದೇ ಕಂತಿನಲ್ಲಿ ತಯಾರಾದ ಎರಡು ಕಟ್ಟುಗಳ ಆಯುಷ್ಯ ಆ ವಾರಕ್ಕೆ ಮುಗಿದಿರುವುದು ಅವರ ಕಣ್ಣಿಗೆ ಬಿತ್ತು. ಎರಡೂ ಓಡುದಾರಿಯ ಆಚೆ ತುದಿಯ ಶೆಡ್ಡಿನಲ್ಲಿ, ಒಂದು ತರಬೇತಿ ವಿಮಾನದ ಎರಡು ಸೀಟಿನಲ್ಲಿದ್ದವು. ಅತ್ತೆ ಫೋನು ಮಾಡಿದರು. ಆ ಶೆಡ್ಡಿನ ಮೇಲ್ವಿಚಾರಕನಿಗೆ ಎಲ್ಲರೂ ಇಟ್ಟ ಹೆಸರು ಆಯ್ತಪ್ಪ. ಯಾರು ಏನು ಕೇಳಿದರೂ ಆಯ್ತು ಆಯ್ತು ಅನ್ನುವ ಮನುಷ್ಯ. ಎರಡನ್ನೂ ಈಗಲೇ ಇಳಿಸಿ, ಹಳೇ ಸಾಮಾನಿನ ಗೋದಾಮಿಗೆ ಕಳಿಸಿ ಎಂದರು ಅತ್ತೆ. ಅವನು ಆಯ್ತು ಎಂದ. ಆ ಹೊತ್ತಿಗೇ ಗೇಟಿನಿಂದ ಸುದ್ದಿ ಹೋಯಿತು, ಸೊಸೆಗೆ ನೋವು ಶುರುವಾಗಿದೆ ಎಂದು. ನಾನೇ ಪಕ್ಕದ ಮನೆಯಿಂದ ಫೋನು ಮಾಡಿಸಿದ್ದೆ. ಗಂಡ ಲಾರಿಯ ಜೊತೆ ಊರಾಚೆ ಇದ್ದರು, ಮನೆಯಲ್ಲಿ ನಾನೊಬ್ಬಳೇ. ಅತ್ತೆ ರಿಜಿಸ್ಟರಿನಲ್ಲಿ ಎರಡರ ಮುಂದೆಯೂ ‘ಇಳಿಸಲಾಗಿದೆ’ ಎಂಬ ಕಡೆ ಟಿಕ್ ಹಾಕಿ, ಏಪ್ರನ್ ಕಳಚಿ, ಓಡಿಬಂದರು. ಆಮೇಲೆ ನನ್ನ ಬಾಣಂತನಕ್ಕೆಂದು ಮೂರು ವಾರ ರಜೆ. ತಿರುಗಿ ಹೋದಾಗ ಪುಸ್ತಕದಲ್ಲಿ ಟಿಕ್ ಇತ್ತು, ಅದೂ ಅವರದೇ ಕೈಬರಹದಲ್ಲಿ. ಯಾರು ಅನುಮಾನ ಪಡುತ್ತಾರೆ?

ಏಳು ವಾರದ ಮೇಲೆ ಆ ವಿಮಾನ ಬಿತ್ತು.

ನಾನು ಮಗುವಿಗೆ ನೀರು ಹಾಕುತ್ತಿದ್ದೆ. ಮೇಲೆ ಎಂಜಿನ್ನಿನ ಸದ್ದು ಕೆಮ್ಮಿದ ಹಾಗಾಗಿ ನಿಂತುಹೋಯಿತು. ನೆಲೆಯ ಪಕ್ಕ ಬದುಕುವವರಿಗೆ ಸದ್ದಿಗಿಂತ ಸದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತದೆ. ಮಗುವನ್ನು ಟವೆಲಿನಲ್ಲಿ ಸುತ್ತಿ ಹೊರಗೆ ಬರುವಷ್ಟರಲ್ಲಿ ಬೀದಿಯ ತುಂಬ ಹೆಂಗಸರು, ಎಲ್ಲರ ಮುಖವೂ ಮೇಲೆ. ಕಲಿಯುವ ಹುಡುಗ ಮೊದಲು ಜಿಗಿದ, ಅವನದು ತೆರೆಯಿತು, ಕಾಲು ಮುರಿದರೂ ಬದುಕಿದ. ಕಲಿಸುವವರು ಆಮೇಲೆ ಜಿಗಿದರು. ಅವರದು ತೆರೆಯಿತು, ತೆರೆದ ಮರುಕ್ಷಣ ಮೇಲಿನಿಂದ ಕೆಳಗಿನವರೆಗೆ ಸೀಳಿತು. ವಿಮಾನ ಖಾಲಿ ಬಯಲಿಗೆ ಬಿತ್ತು. ಅದು ಬೀದಿಯ ಮೇಲೆ ಬೀಳದಂತೆ ಕೊನೆಯವರೆಗೆ ತಿರುಗಿಸಿದವರು ಆ ಕಲಿಸುವವರೇ ಎಂದು ಆಮೇಲೆ ತಿಳಿಯಿತು.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಪಾಪ, ಅವರ ಆಯುಷ್ಯ ಅಷ್ಟೇ ಇತ್ತು. ನಾನೂ ಅದನ್ನೇ ಹೇಳಿದ್ದೆ, ಒಪ್ಪಿಕೊಳ್ಳುತ್ತೇನೆ. ನಾವು ಎಲ್ಲ ಸಾವಿಗೂ ಹೇಳುವ ಮಾತಲ್ಲವೇ ಅದು.

ಮರುದಿನ ಬದುಕಿದ ಹುಡುಗನ ಪ್ಯಾರಾಚೂಟನ್ನು ಪರೀಕ್ಷೆಗೆಂದು ಅತ್ತೆಯ ಮೇಜಿಗೆ ತಂದು ಹಾಕಿದರು. ಮಣ್ಣು, ಹುಲ್ಲು ಅಂಟಿಕೊಂಡಿತ್ತು. ಅತ್ತೆ ಚೀಟಿಯ ನಂಬರು ಓದಿದರು. ಅವರೇ ಟಿಕ್ ಹಾಕಿದ್ದ ನಂಬರು. ಚೀಟಿಯ ಮೇಲೆ ಹೊಸ ಸೀಲು, ‘ಆಯುಷ್ಯ ವಿಸ್ತರಿಸಲಾಗಿದೆ’. ಸೀಲಿನ ತಾರೀಖು ನನ್ನ ಮಗಳ ಹುಟ್ಟಿದ ದಿನದ ಮರುದಿನ. ಆಯ್ತಪ್ಪ ಕಟ್ಟುಗಳನ್ನು ಇಳಿಸಿರಲಿಲ್ಲ. ಇಳಿಸಿದರೆ ವಿಮಾನ ನಿಲ್ಲುತ್ತದೆ, ವಿಮಾನ ನಿಂತರೆ ಮೇಲಿನವರು ಬೈಯುತ್ತಾರೆ. ಸೀಲು ತರಿಸಿ ಹೊಡೆಸಿಬಿಟ್ಟಿದ್ದ. ಅತ್ತೆ ಆ ಮೇಜಿನ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟರಂತೆ. ಎಬ್ಬಿಸಿ ಕರೆತಂದ ರೇಡಿಯೋ ಅಕ್ಕನ ದನಿಯೇ ಹೋಗಿತ್ತು. "ಊರೆಲ್ಲ ಬಿಟ್ಟು ಆಯ್ತಪ್ಪನ ಮಾತು ನಂಬಿದ್ಯಲ್ಲೇ" ಎಂದಷ್ಟೇ ಹೇಳಿ ಹೋದರು.

ವಿಚಾರಣೆ ಶುರುವಾಯಿತು. ನಾಲ್ಕನೆಯ ದಿನವೇ ವಿಚಾರಣೆಯವರ ಕೈಗೆ ರಿಜಿಸ್ಟರು ಸಿಕ್ಕಿತು. ಅತ್ತೆಯನ್ನು ಕರೆದು ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟರು. ಇಳಿಸದ ಕಟ್ಟನ್ನು ಇಳಿಸಲಾಗಿದೆ ಎಂದು ನಮೂದಿಸಿದ ನನ್ನ ನಿರ್ಲಕ್ಷ್ಯದಿಂದ ಈ ದುರ್ಘಟನೆ ಸಂಭವಿಸಿತು ಎಂದು ಅದರಲ್ಲಿತ್ತು. ಸೀಲಿನ ವಿಷಯ ಒಂದಕ್ಷರವೂ ಇಲ್ಲ. ಸಹಿ ಹಾಕಿದರೆ ಸದ್ದಿಲ್ಲದೆ ಮನೆಗೆ ಕಳಿಸುತ್ತೇವೆ, ಹೇಗೂ ನಿವೃತ್ತಿಗೆ ಐದು ತಿಂಗಳಿದೆ ಎಂದರಂತೆ.

ಆ ಹಾಳೆ ಮೂರು ದಿನ ನಮ್ಮ ಮನೆಯಲ್ಲಿ ಇತ್ತು. ಮೂರು ದಿನ ನಮ್ಮಲ್ಲಿ ಜಗಳ. ಗಂಡ ಸಹಿ ಹಾಕಿಬಿಡಮ್ಮ, ಆನೆಗಳ ಗುದ್ದಾಟದಲ್ಲಿ ಹುಲ್ಲಾಗಬೇಡ ಎಂದರು. ನಾನು ಅವರ ಮೇಲೆ ಹಾರಿಬಿದ್ದೆ. ಮಾಡಿದ್ದು ಅವನು, ಹೊರುವುದು ಇವರಾ? ಆ ಟಿಕ್ಕನ್ನೇ ಒಪ್ಪಿಕೊಳ್ಳಬೇಡಿ, ಯಾರೋ ನನ್ನ ಅಕ್ಷರ ಅನುಕರಿಸಿದ್ದಾರೆ ಅನ್ನಿ ಎಂದು ಅತ್ತೆಗೆ ಹೇಳಿಕೊಟ್ಟೆ. ಸಿಟ್ಟಿನಲ್ಲಿ ಅಂಥ ಮಾತೂ ನನ್ನ ಬಾಯಿಂದ ಬಂತು.

ಅತ್ತೆ ಮಗುವಿನ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

"ನಾನು ಟಿಕ್ ಹಾಕಿದ್ದು ಸುಳ್ಳಾ?"

"ನನ್ನಿಂದಾಗಿ ಅಲ್ವಾ ಅತ್ತೆ, ಅವತ್ತು ನಾನು ಫೋನು ಮಾಡಿಸದಿದ್ರೆ..."

"ನೀನು ಹೆತ್ತೆ. ಅದು ನಿನ್ನ ಕೆಲಸ. ಬೆರಳಿಡೋದು ನನ್ನ ಕೆಲಸ. ನಡುವೆ ನುಗ್ಗಬೇಡ." ಇನ್ನೊಂದು ಬಟ್ಟೆ ಮಡಚುತ್ತಾ ಹೇಳಿದರು, "ನನ್ನದು ನಾನು ಬರೀತೀನಿ. ಅವರದೂ ಬರೀತೀನಿ. ಅರ್ಧ ಬರೆದ್ರೆ ಅದೂ ಸುಳ್ಳೇ."

ಹಾಗೇ ಮಾಡಿದರು. ಅವರು ಕೊಟ್ಟ ಹಾಳೆಯನ್ನು ಬಿಟ್ಟು ಬೇರೆ ಹಾಳೆಯಲ್ಲಿ, ನೋಡದೆ ಟಿಕ್ ಹಾಕಿದ್ದು ನನ್ನ ತಪ್ಪು ಎಂದು ಮೊದಲ ಸಾಲು. ಆಮೇಲೆ ಫೋನು ಮಾಡಿದ ಹೊತ್ತು, ಸೀಲಿನ ತಾರೀಖು, ಹಿಂದೆ ಎರಡು ಸಲ ಬರೆದುಕೊಟ್ಟ ಆಕ್ಷೇಪ. ನಾನೂ ಜೊತೆಗೆ ಹೋದೆ, ಮಗು ಹೆಗಲ ಮೇಲೆ. ವಿಚಾರಣೆಯ ಸಾಹೇಬರು ಓದಿ, ಕೆಂಪು ಪೆನ್ನಿನಿಂದ ಮೊದಲ ಸಾಲಿನ ಕೆಳಗೆ ಒಂದು ಗೀಟು ಎಳೆದರು. ನೋಡೀಮ್ಮ, ಇಲ್ಲಿವರೆಗೆ ಸರಿ, ಉಳಿದದ್ದು ನಿಮಗೆ ಸಂಬಂಧವಿಲ್ಲದ್ದು ಎಂದರು. ಫೋನು ಮಾಡಿದ್ದಕ್ಕೆ ಸಾಕ್ಷಿ ಏನು? ಶೆಡ್ಡಿನವರು ಇಲ್ಲ ಅನ್ನುತ್ತಾರೆ. ನಾನು ದಿನವೂ ಬರೆಯುವ ದಿನಚರಿಯನ್ನು ಚೀಲದಿಂದ ತೆಗೆದು ಆ ದಿನದ ಪುಟ ತೋರಿಸಿದೆ. ಅತ್ತೆ ಹನ್ನೊಂದೂವರೆಗೆ ಬಂದರು, ಎರಡನ್ನೂ ಇಳಿಸೋಕೆ ಹೇಳಿ ಬಂದೆ ಅಂದರು ಎಂದು ನೋವಿನ ನಡುವೆ ಬರೆದದ್ದು. ಸಾಹೇಬರು ನಕ್ಕರು. ಮನೆ ಹೆಂಗಸರ ಡೈರಿಯಿಂದ ವಾಯುಪಡೆ ನಡೆಯುವುದಿಲ್ಲವಂತೆ. ಮತ್ತೆ, ಆಯ್ತಪ್ಪನ ಆಯ್ತುಗಳಿಂದ ನಡೆಯುತ್ತದೆಯೋ? ಕೇಳಬೇಕೆಂದಿದ್ದೆ, ಅತ್ತೆ ನನ್ನ ಮೊಣಕೈ ಹಿಡಿದರು. ಆ ಹಿಡಿತ ಈಗಲೂ ನನಗೆ ನೋಯುತ್ತದೆ, ಯಾಕೆ ಸುಮ್ಮನಿದ್ದೆ ಎಂದು.

ಹೊರಗೆ ಬಂದ ಮೇಲೆ ಅತ್ತೆ ಮನೆಯ ದಾರಿ ಹಿಡಿಯಲಿಲ್ಲ. ಸತ್ತವರ ಹೆಂಡತಿಯ ಮನೆಗೆ ನಡೆದರು.

ಬೇಡ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಯಾವ ಮುಖ ಹೊತ್ತು ಹೋಗುವುದು? ಅವರಿಗೆ ಕಾಗದದಿಂದ ತಿಳಿಯೋದು ಬೇಡ ಎಂದರು ಅತ್ತೆ, ಅಷ್ಟೇ.

ಆಕೆ ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರಿರಬಹುದು. ಕೋಣೆಯಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆಗಳು. ಕೂರಿ ಎಂದರು. ಅತ್ತೆ ಕೂರಲಿಲ್ಲ. ನಿಂತೇ ಹೇಳಿದರು, ನಾನು ಯಾರು, ಯಾವ ದಿನ ಏನು ಮಾಡಿದೆ, ಏನು ಮಾಡಲಿಲ್ಲ. ಒಂದು ಕಡೆಯೂ ನನ್ನ ಹೆರಿಗೆಯನ್ನು ಅಡ್ಡ ತರಲಿಲ್ಲ. ಆಕೆ ಅಳಲಿಲ್ಲ. ಅತ್ತೆಯ ಕೈಗಳನ್ನೇ ನೋಡುತ್ತಿದ್ದರು.

"ನೀವು ಮುಟ್ಟಿ ನೋಡಬೇಕಿತ್ತು" ಎಂದರು ಕೊನೆಗೆ.

"ಹೌದು ತಾಯಿ."

"ಹೌದು ಅಂದ್ರೆ ಮುಗೀತಾ?"

"ಮುಗಿಯಲ್ಲ."

ಆಕೆಯ ದನಿ ಏರಿತು. ನಿಮ್ಮನ್ನು ಕ್ಷಮಿಸಬೇಕು ಅಂತ ಬಂದಿದ್ದರೆ ಈಗಲೇ ಹೋಗಿ ಎಂದರು. ಅದಕ್ಕೆ ಬಂದಿಲ್ಲ ಎಂದರು ಅತ್ತೆ. ಮತ್ತೆ ಯಾಕೆ ಬಂದಿರಿ? ತಾರೀಖು ಹೇಳೋಕೆ ಎಂದರು. ಆಗ ಆಕೆ ಮೇಜಿನಿಂದ ಒಂದು ಪೆನ್ಸಿಲ್ ತೆಗೆದುಕೊಂಡರು. ಮಕ್ಕಳ ಉತ್ತರಪತ್ರಿಕೆಯ ಹಿಂಭಾಗದಲ್ಲಿ ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರು. ಆ ಏಳು ವಾರದಲ್ಲಿ ಆ ವಿಮಾನ ಎಷ್ಟು ಸಲ ಹಾರಿತು ಎಂದು ಕೇಳಿದರು.

"ಮೂವತ್ತೊಂದು ಸಲ" ಎಂದರು ಅತ್ತೆ.

"ಮೂವತ್ತೊಂದು ಸಲಾನೂ ಹತ್ತೋ ಮುಂಚೆ ಅವರು ಚೀಟಿ ನೋಡ್ತಿದ್ರು. ನನಗೆ ಗೊತ್ತು, ಅವರು ನೋಡದೆ ಹತ್ತೋ ಮನುಷ್ಯ ಅಲ್ಲ. ಚೀಟಿ ಅವರಿಗೆ ಏನು ಹೇಳ್ತಿತ್ತು?"

ನಾನೇ ಹೇಳಿದೆ, ಆಯುಷ್ಯ ಇದೆ ಅಂತ ಹೇಳ್ತಿತ್ತು.

ಪೆನ್ಸಿಲ್ಲಿನ ತುದಿ ಮುರಿಯಿತು. ಅಲ್ಲಿಯವರೆಗೆ ನಾನು ನನ್ನ ಅತ್ತೆಗಾಗಿ ಮಾತ್ರ ಸಿಟ್ಟಾಗಿದ್ದೆ. ಅಲ್ಲಿಂದಾಚೆಗೆ ನನ್ನ ಸಿಟ್ಟಿಗೆ ಅಳತೆ ಸಿಗಲಿಲ್ಲ. ಒಬ್ಬ ಮನುಷ್ಯ ಮೂವತ್ತೊಂದು ಸಲ ಬಾಗಿ ನೋಡಿ, ಓದಿ, ನಂಬಿ ಹತ್ತಿದ. ಓದುಬಾರದವನಾಗಿದ್ದರೆ ಅನುಮಾನವಾದರೂ ಪಡುತ್ತಿದ್ದನೇನೋ.

ಆಕೆ ಹಟ ಹಿಡಿದು ವಿಚಾರಣೆಯ ಮುಂದಿನ ದಿನ ಒಳಗೆ ಕೂತರು. ಗಂಡ ಸತ್ತವಳನ್ನು ಬಾಗಿಲಿಂದ ಎಬ್ಬಿಸಿ ಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅತ್ತೆಯ ಹೇಳಿಕೆಯನ್ನು ಪೂರ್ತಿ ಓದಿ ಎಂದು ಕೇಳಿದರು. ಓದಿದರು. ಬದುಕಿದ ಹುಡುಗನ ಕಟ್ಟನ್ನು ತರಿಸಿ ಎಂದರು. ಅದನ್ನೂ ತಂದರು, ಸೀಲು ಎಲ್ಲರ ಮುಂದೆ ಮೇಜಿನ ಮೇಲೆ ಬಿತ್ತು. ಆಯ್ತಪ್ಪ ಬೆವರು ಒರೆಸಿಕೊಂಡು ಫೋನು ಬಂದದ್ದನ್ನು ಒಪ್ಪಿಕೊಂಡ. ಮತ್ತೆ ಆಯ್ತು ಎಂದು ಯಾಕೆ ಹೇಳಿದಿರಿ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ರೇಡಿಯೋ ಅಕ್ಕ ನಮಗೆ ಬಂದು ಹೇಳಿದರು.

"ಆಯ್ತು ಅಂದ್ರೆ ಕೇಳಿಸ್ಕೊಂಡೆ ಅಂತ ಸಾರ್. ಎಲ್ಲರೂ ಹಾಗೇ ಅನ್ನೋದಲ್ವಾ."

ಎಲ್ಲರೂ ಹಾಗೇ ಅನ್ನುವುದು ನಿಜ. ಬಸ್ಸಿನವನು ಅನ್ನುತ್ತಾನೆ, ದರ್ಜಿ ಅನ್ನುತ್ತಾನೆ, ನಾನೂ ಅನ್ನುತ್ತಿದ್ದೆ. ಆದರೆ ಸೀಲು ತರಿಸಲು ಅರ್ಜಿ ಬರೆದಾಗ ಅವನಿಗೆ ಯಾವ ಪದದ ಅರ್ಥದಲ್ಲೂ ಗೊಂದಲವಿರಲಿಲ್ಲ. ಬಟ್ಟೆಯನ್ನು ಕಣ್ಣಿಂದ ಕೂಡ ನೋಡದೆ ಸೀಲು ಒತ್ತಲು ಸಹಿ ಮಾಡಿದ ಸಾಹೇಬರಿಗೂ ಇರಲಿಲ್ಲ.

ಎರಡು ತಿಂಗಳ ಮೇಲೆ ವರದಿ ಬಂತು. ದುರ್ಘಟನೆಗೆ ಕಾರಣ ‘ಸಿಬ್ಬಂದಿಯ ನಡುವಿನ ಸಂವಹನ ಕೊರತೆ’. ಅತ್ತೆಯನ್ನು ಕೆಲಸದಿಂದ ತೆಗೆದರು. ಆಯ್ತಪ್ಪನಿಗೆ ಬೇರೆ ನೆಲೆಗೆ ವರ್ಗ. ಸೀಲಿಗೆ ಸಹಿ ಮಾಡಿದವರ ಹೆಸರು ವರದಿಯಲ್ಲಿ ಇಲ್ಲವೇ ಇಲ್ಲ. ಸೀಲು ತಾನೇ ತಾನಾಗಿ ಕಪಾಟಿನಿಂದ ಇಳಿದು ಬಂದು ಚೀಟಿಯ ಮೇಲೆ ಕೂತ ಹಾಗೆ ಬರೆದಿದ್ದಾರೆ. ಸದ್ಯ ಒಂದು ಕೆಲಸ ಆಗಿದೆ: ಹೀಗೆ ಸೀಲು ಹೊಡೆದಿದ್ದ ಉಳಿದ ಕಟ್ಟುಗಳನ್ನೆಲ್ಲ ವಿಮಾನಗಳಿಂದ ಇಳಿಸಿದರು, ನಲವತ್ತಮೂರು. ನಲವತ್ತಮೂರು ಜನ ಅವಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಮನೆ ಖಾಲಿ ಮಾಡಲು ಒಂದು ತಿಂಗಳು ಕೊಟ್ಟಿದ್ದಾರೆ, ಇದು ನೆಲೆಯ ಮನೆಯಲ್ಲವೇ. ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ಗಣಿತದ ಟೀಚರು ಬಂದರು, ಕೈಯಲ್ಲಿ ಆ ವರದಿ. ಇದರ ಮೇಲೆ ಮೇಲ್ಮನವಿ ಹಾಕಬೇಕು, ನೀವು ತಾರೀಖುಗಳನ್ನು ಹೇಳಿ ಎಂದು ಅತ್ತೆಯ ಎದುರು ಕೂತರು. ನೀರು ಕೊಟ್ಟೆ, ಬೇಡ ಎಂದರು. ಚಹಾ ಎಂದೆ, ಅದೂ ಬೇಡ ಎಂದರು. ನನಗೆ ಬೇಸರವಾಗಲಿಲ್ಲ. ಅವರು ನೆಂಟರಾಗಿ ಬಂದವರಲ್ಲ.

ತಪ್ಪು ಮಾಡಿದವರ ಪಟ್ಟಿ ಬರೆಯುವಾಗ ಇಬ್ಬರಿಗೂ ಸಣ್ಣ ಜಗಳವಾಯಿತು. ಮೊದಲು ನನ್ನ ಹೆಸರು ಹಾಕಿ ಎಂದರು ಅತ್ತೆ. ಟೀಚರು ತಲೆಯಾಡಿಸಿದರು. ನೀವು ಒಂದು ದಿನ ತಪ್ಪಿದಿರಿ, ಅವರು ವರ್ಷಗಳಿಂದ ತಪ್ಪುತ್ತಿದ್ದಾರೆ, ಕಾಲದ ಕ್ರಮದಲ್ಲಿ ಮೊದಲು ಸೀಲಿಗೆ ಸಹಿ ಮಾಡಿದವರು, ಆಮೇಲೆ ಆಯ್ತಪ್ಪ, ನೀವು ಮೂರನೆಯವರು ಎಂದರು.

"ಬಿಟ್ಟುಬಿಡ್ತೀರೇನೋ ಅಂದ್ಕೊಂಡೆ" ಎಂದುಬಿಟ್ಟೆ ನಾನು. ಅತ್ತೆಯ ಪರವಾಗಿ ನನ್ನ ಮನಸ್ಸಿನ ಮೂಲೆಯಲ್ಲಿದ್ದ ಆಸೆ ಅದು.

ಆಕೆ ನನ್ನನ್ನು ನೋಡಿದರು, ಆಮೇಲೆ ನನ್ನ ತೊಡೆಯ ಮೇಲೆ ನಿದ್ದೆಹೋದ ನನ್ನ ಮಗಳನ್ನು. "ಬಿಡಲ್ಲ" ಎಂದರು. "ಯಾರನ್ನೂ ಬಿಡಲ್ಲ."

ಅತ್ತೆ ಮೂರನೆಯ ಸಾಲಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದು, ಪೆನ್ನನ್ನು ಆಕೆಯ ಕಡೆ ತಿರುಗಿಸಿ ಇಟ್ಟರು. ಮೊದಲ ಸಾಲು, ಸೀಲಿಗೆ ಸಹಿ ಮಾಡಿದವರ ಹೆಸರಿಗೆಂದು ಬಿಟ್ಟದ್ದು, ಇನ್ನೂ ಖಾಲಿಯಿತ್ತು. ಆ ಸಹಿ ಓದಲು ಬರದಂತೆ ಸುರುಳಿ ಸುತ್ತಿದೆ. ಯಾರದೆಂದು ಕೇಳಲು ನಾಳೆ ನಾವು ಮೂವರೂ ಮೇಲಿನ ಕಚೇರಿಗೆ ಹೋಗುತ್ತೇವೆ. ಮಗುವನ್ನು ಯಾರ ಹತ್ತಿರ ಬಿಡುವುದು ಎಂದು ಯೋಚಿಸಿದೆ, ಕೊನೆಗೆ ಎತ್ತಿಕೊಂಡೇ ಹೋಗುವುದೆಂದು ನಿರ್ಧರಿಸಿದೆ. ಸಾಹೇಬರ ಕೋಣೆಯಲ್ಲಿ ಅತ್ತರೆ ಅಳಲಿ.